ಮೈಕಿಗೆ ಹೊಲಿದ ಮಂಕಿ ಕ್ಯಾಪ್

ಮೊನ್ನೆ ಚಾರ್ಜರ್ ಹುಡುಕುತ್ತ ಕಪಾಟಿನ ಕೆಳಖಾನೆಗೆ ಕೈ ಹಾಕಿದಾಗ ಸಿಕ್ಕಿದ್ದು ಅರ್ಧ ಮಂಕಿ ಕ್ಯಾಪು. ಕಂದು ಬಣ್ಣದ್ದು, ನೆತ್ತಿಯ ಮೇಲೆ ಗೊಂಡೆ ಇರುವ ಅರ್ಧ. ಕತ್ತರಿಸಿದ ಬಾಯಿಗೆ ರಬ್ಬರ್ ಬ್ಯಾಂಡು ಇಟ್ಟು ಕಪ್ಪು ನೂಲಿನಲ್ಲಿ ಒರಟೊರಟಾಗಿ ಹೊಲಿದಿದೆ. ಬೇರೆಯವರ ಕೈಗೆ ಸಿಕ್ಕಿದ್ದರೆ ಇದು ಟೊಪ್ಪಿಯೋ ಕಾಲುಚೀಲವೋ ತಿಳಿಯದೆ ಒರೆಸುವ ಬಟ್ಟೆ ಮಾಡಿಕೊಳ್ಳುತ್ತಿದ್ದರು. ಒಳಗೆ ಗಟ್ಟಿಯಾದದ್ದೇನೋ ತಾಗಿತು. ಅದೇನೆಂದು ಆಮೇಲೆ ಹೇಳುತ್ತೇನೆ. ಮೊದಲು ಟೊಪ್ಪಿಯ ಕತೆ ಮುಗಿಯಲಿ.

ನಾನು ಹಾಡುವವನು. ಹಾಡುವವನು ಎಂದ ಕೂಡಲೇ ದೊಡ್ಡದಾಗಿ ಏನೂ ಊಹಿಸಿಕೊಳ್ಳಬೇಡಿ. ಭಟ್ಕಳದಿಂದ ಕುಮಟೆಯವರೆಗೆ ಎಲ್ಲಿ ಮದುವೆ ರಿಸೆಪ್ಷನ್ ಇದ್ದರೂ ಊಟದ ಗದ್ದಲದ ನಡುವೆ ಯಾರೂ ಕೇಳದ ಹಾಡು ಹೇಳುವವರು ಒಬ್ಬರಿರುತ್ತಾರಲ್ಲ, ಆ ಜಾತಿ. ಅದರ ಜೊತೆಗೆ ನನ್ನದೇ ಹಾಡು ಬರೆದು, ರಾಗ ಕೂಡಿಸಿ, ವಿಡಿಯೋ ಮಾಡಿ ನೆಟ್ಟಿಗೆ ಬಿಡುತ್ತೇನೆ. ಹೊನ್ನಾವರ ಪೇಟೆಯಲ್ಲಿ ನನ್ನ ಹೆಸರು ‘ಆಲ್ಬಂ ಉದಯ’. ಓದಿದ್ದು ಪಿಯುಸಿಯವರೆಗೆ. ಇಂಗ್ಲಿಷಿನಲ್ಲಿ ಎರಡು ಸಲ ಕೂತು ಎರಡು ಸಲವೂ ಅಲ್ಲೇ ಉಳಿದೆ. ಮನೆ ಮಾವಿನಕುರ್ವೆ, ಶರಾವತಿ ಸಮುದ್ರ ಸೇರುವ ಬಾಯಿಯಲ್ಲಿ ಕೂತ ನಡುಗಡ್ಡೆ. ಅಲ್ಲಿ ಹೊಳೆಯ ಗಾಳಿ ಬೇರೆ, ಕಡಲ ಗಾಳಿ ಬೇರೆ, ಎರಡೂ ಸೇರಿ ಬೀಸಿದರೆ ಮೂರನೆಯದು ಬೇರೆ. ಮೈಕ್ ಹಿಡಿದು ಬಾಯಿ ತೆರೆದರೆ ನನ್ನ ದನಿಗಿಂತ ಮೊದಲು ‘ಗುರ್ರ್’ ಎಂದು ಗಾಳಿಯ ದನಿ ಒಳಗೆ ಕೂತಿರುತ್ತಿತ್ತು.

ನನ್ನ ವಿಡಿಯೋ ತೆಗೆಯುತ್ತಿದ್ದ ದತ್ತು ಅದಕ್ಕೆ ಮದ್ದು ಕಂಡುಹಿಡಿದ. ನನ್ನ ಅಪ್ಪನ ಮಂಕಿ ಕ್ಯಾಪನ್ನು ಗೂಟದಿಂದ ಇಳಿಸಿ, ನನ್ನನ್ನೂ ಕೇಳದೆ, ಅಡ್ಡ ಕತ್ತರಿಸಿ ಮೈಕಿಗೆ ಹೊಲಿದ. ಗಾಳಿ ನಿಂತಿತು. ಅಪ್ಪ ಆ ಚಳಿಗಾಲವಿಡೀ ಟೊಪ್ಪಿ ಹುಡುಕಿದರು. ಅವರು ಮೀನು ಗಾಡಿ ಓಡಿಸುವವರು, ನಸುಕಿನಲ್ಲಿ ಬಂದರಿಗೆ ಹೋಗಬೇಕು, ಕಿವಿಗೆ ಗಾಳಿ ತಾಗಿದರೆ ಆಗುವುದಿಲ್ಲ. ತಿಂಗಳು ಕಳೆದ ಮೇಲೆ ಯಾರದೋ ಮೊಬೈಲಿನಲ್ಲಿ ನನ್ನ ಫೋಟೋ ನೋಡಿದವರೇ ಮನೆಗೆ ಬಂದು ನಿಂತರು.

“ಹೊಯ್ ದತ್ತೂ, ಆ ಮೈಕಿನ ತಲೆ ಮೇಲೆ ಇಪ್ಪುದು ನನ್ನ ಟೊಪ್ಪಿ ಅಲ್ದನಾ?”

“ಹೌದು ಮಾಮಾ. ಗಾಳಿ ತಾಗ್ತಿತ್ತು ಅದಕ್ಕೆ.”

“ಅದಕ್ಕೆ ಗಾಳಿ ತಾಗ್ತಿತ್ತಾ? ಮತ್ತೆ ನನ್ನ ತಲೆ ಎಂತ, ತೆಂಗಿನಕಾಯಾ?”

ದತ್ತು ಉಳಿದ ಅರ್ಧವನ್ನು ಅಪ್ಪನಿಗೆ ಮರ್ಯಾದೆಯಿಂದ ಕೊಟ್ಟ. ಅಪ್ಪ ಅದನ್ನು ಕುತ್ತಿಗೆಗೆ ಹಾಕಿಕೊಂಡು ಈಗಲೂ ಗಾಡಿ ಓಡಿಸುತ್ತಾರೆ.

ದತ್ತು ಹೋಗಿ ಒಂದು ವರ್ಷ ಎರಡು ತಿಂಗಳಾಯಿತು. ಭಟ್ಕಳದಲ್ಲಿ ಮದುವೆಯ ವಿಡಿಯೋ ಮುಗಿಸಿ ಬೈಕಿನಲ್ಲಿ ಬರುತ್ತಿದ್ದಾಗ ಹೆದ್ದಾರಿಯಲ್ಲಿ ಲಾರಿ ತಾಗಿತು. ಮಟಮಟ ಮಧ್ಯಾಹ್ನ. ಅವನ ಊರು ಹಳದೀಪುರ, ತೆಂಗಿನ ತೋಟದ ಮನೆ. ಕುಮಟೆಯಲ್ಲಿ ಸಣ್ಣದೊಂದು ಸ್ಟುಡಿಯೋ ಇಟ್ಟುಕೊಂಡಿದ್ದ. ನನ್ನ ಎಲ್ಲ ಹಾಡುಗಳಿಗೂ ಕ್ಯಾಮರಾ ಅವನದ್ದು. ಏಳು ವರ್ಷ ನಾವಿಬ್ಬರೂ ಒಬ್ಬರಿಗೊಬ್ಬರು ಏನಾಗಿದ್ದೆವೋ ಅದಕ್ಕೆ ಪೇಪರಿನಲ್ಲಿ ಒಂದು ಉದ್ದದ ಶಬ್ದವಿದೆ, ಬಸ್‌ಸ್ಟ್ಯಾಂಡಿನಲ್ಲಿ ಒಂದು ಗಿಡ್ಡ ಶಬ್ದವಿದೆ. ಎರಡೂ ಬೇರೆಯವರು ಮಾಡಿದ್ದು. ನಾವು ಹೆಸರಿಡಲಿಲ್ಲ. ನಾನು ಅವನನ್ನು ಪ್ರೀತಿಸಿದೆ, ಅವನು ನನ್ನನ್ನು ಪ್ರೀತಿಸಿದ. ಗಂಡಹೆಂಡಿರಂತೆ ಎಂದು ಬರೆದರೆ ಕೆಲವರಿಗೆ ಬೇಗ ಅರ್ಥವಾದೀತು. ಆದರೆ ನಾನು ನೋಡಿದ ಗಂಡಹೆಂಡಿರಲ್ಲಿ ಇಷ್ಟು ನಗು ಕಂಡದ್ದು ಕಡಿಮೆ.

ಇದನ್ನು ಹಗುರವಾಗಿ ಬರೆಯಬೇಕೆಂದೇ ಕೂತಿದ್ದೇನೆ. ಆದರೆ ನಿಮಗೆ ಮೊದಲೇ ಹೇಳಿಬಿಡುತ್ತೇನೆ, ನನ್ನೊಳಗೆ ಈಗ ಇರುವುದು ಸಿಟ್ಟು. ಅಳು ಮುಗಿದ ಮೇಲೆ ಸಮಾಧಾನ ಬರುತ್ತದೆ ಎನ್ನುತ್ತಾರೆ. ನನಗೆ ಬಂದದ್ದು ಇದು.

ಹಾಡಿನ ಸ್ಪರ್ಧೆಗಳಿಗೆ ಹೋಗುತ್ತಿದ್ದ ಕಾಲದಲ್ಲಿ ಕುಮಟೆಯ ಒಬ್ಬ ತೀರ್ಪುಗಾರರು ನನಗೆ ಹೇಳಿದ್ದರು: “ಶ್ರುತಿ ಅಡ್ಡಿಲ್ಲ, ತಾಳ ಅಡ್ಡಿಲ್ಲ. ಫೀಲ್ ಬರ್ಲಿಲ್ಲ. ಯಾರನ್ನಾದ್ರೂ ಮನಸ್ಸಲ್ಲಿ ಇಟ್ಕಂಡು ಹಾಡಬೇಕು ತಮಾ.” ಸಭೆ ನಕ್ಕಿತು. ನಾನೂ ನಕ್ಕೆ. ಮನಸ್ಸಿನಲ್ಲಿ ಇಟ್ಟುಕೊಂಡವನು ಮೂರನೇ ಸಾಲಿನಲ್ಲಿ ಕ್ಯಾಮರಾ ಹಿಡಿದು ಕೂತಿದ್ದ. ಅವನ ಕಡೆ ಕಣ್ಣು ಹೋಗಬಾರದೆಂದು ನಾನು ಹಾಡಿನುದ್ದಕ್ಕೂ ಗೋಡೆಯ ಗಡಿಯಾರ ನೋಡುತ್ತಿದ್ದೆ. ಫೀಲ್ ಎಲ್ಲಿಂದ ಬರಬೇಕು? ಎಲ್ಲರಿಗೂ ನಿಜವಾದ ಹಾಡು ಬೇಕು. ಹಾಡುವವನ ನಿಜ ಮಾತ್ರ ಯಾರಿಗೂ ಬೇಡ.

ದತ್ತುವಿಗೆ ನಿಜದ ಹುಚ್ಚು. ಶೂಟಿಂಗಿನಲ್ಲಿ ಎಲ್ಲರೂ ಬರೀ ತುಟಿ ಆಡಿಸುತ್ತಾರೆ, ದನಿ ಆಮೇಲೆ ಕೂಡಿಸುತ್ತಾರೆ. ಇವನು ಬಿಡುತ್ತಿರಲಿಲ್ಲ. “ಕುತ್ತಿಗೆ ನರ ನೋಡಿದ್ರೆ ಗೊತ್ತಾಗ್ತದೆ ಮಾರಾಯ. ಬಾಯಿ ಸುಳ್ಳು ಹೇಳ್ಬಹುದು, ನರ ಹೇಳುದಿಲ್ಲ. ದೊಡ್ಡಕೆ ಹಾಡು.” ಹಾಗಾಗಿ ದಂಡೆಯ ಮೇಲೆ ನಾನು ಗಂಟಲು ಹರಿಯುವಂತೆ ಹಾಡುತ್ತಿದ್ದೆ, ಮೈಕಿನ ತಲೆಯ ಮೇಲೆ ಅಪ್ಪನ ಟೊಪ್ಪಿ ಗೊಂಡೆ ಅಲ್ಲಾಡಿಸುತ್ತ ಕೇಳುತ್ತಿತ್ತು, ಬಲೆ ಒಣಗಿಸುವ ಹೆಂಗಸರು ಸೊಂಟಕ್ಕೆ ಕೈ ಕೊಟ್ಟು ನೋಡುತ್ತಿದ್ದರು.

ಇನ್ನೂ ಶುದ್ಧವಾದ ದನಿ ಬೇಕಾದರೆ ನಮ್ಮ ಸ್ಟುಡಿಯೋ ಬೇರೆಯೇ ಇತ್ತು, ಅಪ್ಪನ ಮೀನು ಗಾಡಿ. ಮಂಜುಗಡ್ಡೆ ಕರಗಬಾರದೆಂದು ಅದರ ಹಿಂದಿನ ಪೆಟ್ಟಿಗೆಗೆ ನಾಲ್ಕೂ ಕಡೆ ದಪ್ಪದ ಗೋಡೆ ಇರುತ್ತದಲ್ಲ, ಬಾಗಿಲು ಹಾಕಿದರೆ ಹೊರಗಿನ ಒಂದು ಸದ್ದೂ ಒಳಗೆ ಬರುವುದಿಲ್ಲ. ದೊಡ್ಡ ಊರಿನ ಸ್ಟುಡಿಯೋಗೂ ಇದಕ್ಕೂ ಇರುವ ವ್ಯತ್ಯಾಸ ಬಂಗುಡೆಯ ವಾಸನೆ ಮಾತ್ರ. ಸಂಜೆ ಗಾಡಿ ತೊಳೆದ ಮೇಲೆ ನಾವಿಬ್ಬರೂ ಒಳಗೆ ಹೋಗಿ ಬಾಗಿಲು ಎಳೆದುಕೊಳ್ಳುತ್ತಿದ್ದೆವು. ಒಂದು ಚರಣ ಮುಗಿಯುವಷ್ಟರಲ್ಲಿ ಇಬ್ಬರೂ ಬೆವರಿ ತೊಪ್ಪೆ. ಬಾಗಿಲು ತೆರೆದು ಉಸಿರು ಎಳೆದುಕೊಂಡು ಮತ್ತೆ ಎರಡನೇ ಚರಣ. ಪ್ರೀತಿ ಪ್ರೇಮದ ಹಾಡನ್ನೆಲ್ಲ ನಾನು ಹಾಡಿದ್ದು ಮೀನಿನ ಪೆಟ್ಟಿಗೆಯಲ್ಲಿ ಕುಕ್ಕರುಗಾಲಿನಲ್ಲಿ ಕೂತು. ಅಪ್ಪ ಹೊರಗಿನಿಂದ ತಗಡು ಬಡಿಯುತ್ತಿದ್ದರು. “ಜೀವ ಇದ್ದದ್ಯನ್ರಾ, ಇಲ್ಲಾ ಐಸ್ ಹಾಕುದಾ?”

ನಗಬಹುದು. ಈಗ ನೆನೆಸಿಕೊಂಡರೆ ನನಗೂ ನಗು ಬರುತ್ತದೆ, ಅದರ ಹಿಂದೆಯೇ ಸಿಟ್ಟೂ ಬರುತ್ತದೆ. ಈ ಕರಾವಳಿಯುದ್ದಕ್ಕೂ ಹೊಸ ಜೋಡಿಗಳಿಗೆಂದು ಎಷ್ಟು ಕೋಣೆಗಳಿವೆ, ಕಿಟಕಿ ತೆರೆದರೆ ಸಮುದ್ರ ಕಾಣುವಂಥವು. ನಮಗೆ ಎಂದು ಒಳಗಿನಿಂದ ಹಾಕಿಕೊಳ್ಳಬಹುದಾದ ಬಾಗಿಲು ಇದ್ದದ್ದು ಅದೊಂದೇ.

ಹಾಡು ತಯಾರಾದ ಮೇಲೆ ಅದನ್ನು ಹತ್ತು ಜನ ನೋಡುವಂತೆ ಮಾಡುವವರು ಕುಮಟೆಯಲ್ಲಿ ಒಬ್ಬರಿದ್ದರು. ನೆಟ್ಟಿನಲ್ಲಿ ಹಾಡುಗಳ ಚಾನೆಲ್ ನಡೆಸುವವರು. ನಾವೆಲ್ಲ ‘ಸರ್’ ಎನ್ನುತ್ತಿದ್ದೆವು. ಅವರದ್ದು ಒಂದೇ ಹಟ.

“ಹೀರೋಯಿನ್ ಎಲ್ಲಿ?”

“ಈ ಹಾಡಿಗೆ ಬೇಡ ಸರ್. ಹೊಳೆ, ದೋಣಿ, ನಾನು, ಅಷ್ಟೇ.”

“ನಿನ್ನ ಮುಖ ನೋಡೂಕೆ ನಿನ್ನ ಅಪ್ಪನೂ ಬರುದಿಲ್ಲ ಉದಯಾ. ಒಂದ್ ಹುಡುಗಿ ಹಾಕು. ನೀ ನೋಡು, ಅವ್ಳು ನಾಚ್ಕಂಬ್ಲಿ. ಆತು, ಹಾಡು ಓಡ್ತದೆ.”

ಹುಡುಗಿ ಬಂದಳು. ಪ್ರತಿ ಹಾಡಿಗೆ ಒಬ್ಬಳು. ಲಂಗ ದಾವಣಿ ಉಟ್ಟು ದಂಡೆಯ ಮೇಲೆ ಓಡಿದಳು, ಗಾಳಿಮರದ ಹಿಂದೆ ನಿಂತಳು, ಬೊಗಸೆಯಲ್ಲಿ ನೀರು ಹಿಡಿದು ಚೆಲ್ಲಿದಳು. ಪಾಪ, ಅವರ ತಪ್ಪಿಲ್ಲ. ನಾನು ಅವರನ್ನು ನೋಡಿ ಹಾಡಿದರೆ ಮಾತ್ರ ಅಂಚೆ ಕಚೇರಿಯಲ್ಲಿ ಅರ್ಜಿ ಓದಿದ ಹಾಗೆ ಬರುತ್ತಿತ್ತು. ಆಗ ದತ್ತು ಒಂದು ಉಪಾಯ ಮಾಡಿದ. ಹುಡುಗಿಯನ್ನು ಬೇರೆ ತೆಗೆದ, ನನ್ನನ್ನು ಬೇರೆ ತೆಗೆದ. ನನ್ನನ್ನು ತೆಗೆಯುವಾಗ ಅವಳು ಅಲ್ಲಿರುತ್ತಿರಲಿಲ್ಲ. ಕ್ಯಾಮರಾದ ಹಿಂದಿನಿಂದ ಅವನು ಒಂದು ಕಣ್ಣು ಮುಚ್ಚಿ, ಇನ್ನೊಂದರಿಂದ ನನ್ನನ್ನು ನೋಡುತ್ತ, “ಈಗ ನನ್ನ ನೋಡಿ ಹಾಡು” ಎನ್ನುತ್ತಿದ್ದ. ನಾನು ನೋಡುತ್ತಿದ್ದೆ. ಆಮೇಲೆ ಅವನೇ ಕೂತು ಕತ್ತರಿಸಿ ಜೋಡಿಸುತ್ತಿದ್ದ. ನಾನು ನೋಡುತ್ತೇನೆ, ಹುಡುಗಿ ನಾಚಿಕೊಳ್ಳುತ್ತಾಳೆ.

ವಿಡಿಯೋದ ಕೆಳಗೆ ಜನ ಬರೆಯುತ್ತಿದ್ದರು: ಏನ್ ಲುಕ್ ಗುರು. ಆ ಹುಡುಗಿ ಪುಣ್ಯ ಮಾಡಿದ್ಲು. ಒಬ್ಬಳಂತೂ ತನ್ನ ಗಂಡ ಒಂದು ಸಲವಾದರೂ ಹಾಗೆ ನೋಡಿದ್ದರೆ ಎಂದು ಬರೆದಿದ್ದಳು. ದತ್ತು ಅದನ್ನೆಲ್ಲ ಗಟ್ಟಿಯಾಗಿ ಓದಿ ಹೇಳುತ್ತಿದ್ದ. “ಕೇಳ್ದ್ಯನಾ? ನಾ ಪುಣ್ಯ ಮಾಡಿದ್ದೆ ಅಂತೆ.” ನಾವು ಜಗತ್ತನ್ನೇ ಮಂಗ ಮಾಡಿದೆವೆಂದು ನಗುತ್ತಿದ್ದೆವು. ಮಂಗ ಆದವರು ಯಾರೆಂದು ಈಗ ಗೊತ್ತಾಗಿದೆ. ನನ್ನ ನೋಟವನ್ನು ನಮ್ಮ ಕೈಯಾರೆ ಕತ್ತರಿಸಿ ಇನ್ಯಾರಿಗೋ ಕೊಟ್ಟೆವು, ಒಂದಲ್ಲ ಎರಡಲ್ಲ, ಹದಿನಾಲ್ಕು ಹಾಡುಗಳಲ್ಲಿ.

ಹದಿನಾಲ್ಕನೆಯದ್ದರ ಶೂಟಿಂಗ್ ಕೈರಂಪಣಿ ಎಳೆಯುವ ದಂಡೆಯಲ್ಲಿ. ಕೈರಂಪಣಿ ಎಂದರೆ ಉದ್ದದ ಬಲೆ. ದೋಣಿಯಲ್ಲಿ ಒಯ್ದು ಸಮುದ್ರದಲ್ಲಿ ಅರ್ಧಚಂದ್ರದ ಹಾಗೆ ಬಿಟ್ಟು, ಎರಡೂ ತುದಿಯ ಹಗ್ಗವನ್ನು ದಂಡೆಯಿಂದ ಊರೆಲ್ಲ ಸೇರಿ ಎಳೆಯುವುದು. ಅದರಲ್ಲಿ ಒಂದು ಪದ್ಧತಿ ಇದೆ. ಹಗ್ಗಕ್ಕೆ ಯಾರು ಕೈ ಹಾಕಿದರೂ ಅವರಿಗೆ ಮೀನಿನಲ್ಲಿ ಪಾಲು. ಯಾವ ಊರು, ಯಾರ ಮಗ, ಯಾವ ಜಾತಿ, ಯಾರೂ ಕೇಳುವುದಿಲ್ಲ. ದಾರಿಯಲ್ಲಿ ಹೋಗುವವನು ಚಪ್ಪಲಿ ಬಿಟ್ಟು ಎಳೆದರೂ ಅವನಿಗೆ ಒಂದು ಪಾಲು ಇಡುತ್ತಾರೆ.

ದತ್ತು ಕ್ಯಾಮರಾ ಹಿಡಿದು ಹಗ್ಗದ ಅಡಿಗೆ, ಮೇಲೆ, ಕಾಲುಗಳ ಸಂದಿಯಲ್ಲಿ ಸುತ್ತುತ್ತಿದ್ದ. ಬಲೆ ಭಾರವಾಗಿತ್ತು. ಬಲೆಯ ಮುಂದಾಳು ತಾಂಡೇಲ ಮುದುಕ ಸಿಟ್ಟಿಗೆದ್ದ.

“ಹೊಯ್ ಕ್ಯಾಮರಾ! ಎಂತ ಕಪ್ಪೆ ಹಿಡಿತ್ಯಾ ಅಲ್ಲಿ? ಅದ್ನ ಕೆಳಗಿಟ್ಟು ಹಗ್ಗ ಹಿಡಿ!”

“ಇದು ಶೂಟಿಂಗು ಅಜ್ಜಾ...”

“ನಿನ್ನ ಶೂಟಿಂಗಿಗೆ ಸಮುದ್ರ ಕಾಯ್ತದ್ಯನಾ? ಹಿಡಿ ಅಂದ್ರೆ ಹಿಡಿ!”

ದತ್ತು ಹೆದರಿ ಕ್ಯಾಮರಾವನ್ನು ಮರಳ ಮೇಲೆ ಇಟ್ಟು ಓಡಿ ಬಂದು, ಹಗ್ಗ ಎಳೆಯುತ್ತಿದ್ದ ನನ್ನ ಹಿಂದೆ ತಾನೂ ಕೈ ಹಾಕಿದ. ಕ್ಯಾಮರಾ ಬಂದ್ ಮಾಡುವುದನ್ನು ಮರೆತ. ಹದಿನೆಂಟು ವರ್ಷದಿಂದ ಕ್ಯಾಮರಾ ಹಿಡಿದವನು ಮಾಡಬಾರದ ತಪ್ಪು. ಅದರ ಜೊತೆಗೆ ತೋಟದ ಮನೆಯ ಕೈ ಅವನದ್ದು. ಉಪ್ಪುನೀರಿನ ಹಗ್ಗ ಅಂಗೈ ಕೊಯ್ದು ರಕ್ತ ಬಂತು. ಆದರೂ ಬಿಡಲಿಲ್ಲ. ಬಲೆ ದಂಡೆಗೆ ಬಂದ ಮೇಲೆ ತಾಂಡೇಲ ಅವನಿಗೂ ಒಂದು ಪಾಲು ಬಂಗುಡೆ ಇಟ್ಟು, “ತಗಾ ಕ್ಯಾಮರಾ, ನಿಂದು” ಎಂದ. ಮೀನಿನ ವಾಸನೆಯೇ ಹೊಗದ ಮನೆಯ ಹುಡುಗ, ಎರಡೂ ಕೈಯಲ್ಲಿ ಬಂಗುಡೆ ಹಿಡಿದುಕೊಂಡು ದೇವರ ಪ್ರಸಾದ ಹಿಡಿದವನ ಹಾಗೆ ನಿಂತಿದ್ದ. ಆ ದಿನ ನಮ್ಮ ಮನೆಯಲ್ಲಿ ಉಂಡ.

ಮನೆಗೆ ಬಂದು ನೋಡಿದರೆ ಹನ್ನೊಂದು ನಿಮಿಷದ ಚಿತ್ರ ಆಗಿತ್ತು. ಓರೆಯಾಗಿ ಬಿದ್ದ ಕ್ಯಾಮರಾದಲ್ಲಿ ಮುಖಗಳಿಲ್ಲ, ಆಕಾಶವಿಲ್ಲ. ಮರಳು, ಹಗ್ಗ, ಒಬ್ಬರ ಹಿಂದೆ ಒಬ್ಬರಾಗಿ ಮರಳಿಗೆ ಹಿಮ್ಮಡಿ ಒತ್ತಿ ಹಿಂದೆ ಸರಿಯುವ ಎರಡು ಜೊತೆ ಕಾಲು. ನನ್ನದು, ಅವನದು. ಅವನದು ಎಂದು ಗುರುತಿಸುವುದು ಸುಲಭ. ಚಿಕ್ಕವನಿದ್ದಾಗ ತೆಂಗಿನಕಾಯಿ ಬಿದ್ದು ಬಲಗಾಲಿನ ಎರಡನೇ ಬೆರಳು ಹೆಬ್ಬೆರಳ ಮೇಲೆ ಹತ್ತಿ ಕೂತಿತ್ತು. ಹಗ್ಗ ಎಳೆಯುವವರ ಕೂಗಿನ ನಡುವೆ ಅವನು ನನ್ನ ಹಾಡನ್ನು ಶ್ರುತಿ ತಪ್ಪಿ ಗುನುಗುವುದೂ ಕೇಳಿಸುತ್ತಿತ್ತು:

ಬಲೆ ಬೀಸಿ ಕಾದವಗೆ ಬೆಳಗಾಗಲಿ
ಹೊಳೆ ದಾಟಿ ಬರುವವಗೆ ದಾರಿಯಾಗಲಿ

“ಇದನ್ನೇ ಹಾಕುವ” ಎಂದೆ. “ಕಾಲು ಯಾರಾ ನೋಡ್ತ್ರು?” ಎಂದು ಅವನು ನಕ್ಕು ಅದನ್ನು ‘ವೇಸ್ಟ್’ ಎಂಬ ಖಾನೆಗೆ ತಳ್ಳಿದ. ದತ್ತು ಯಾವುದನ್ನೂ ಅಳಿಸುತ್ತಿರಲಿಲ್ಲ. ಹಾಡಿಗೆ ಹುಡುಗಿ ಬಂದಳು, ನಾಚಿಕೊಂಡಳು, ಹಾಡು ಓಡಿತು.

ಅವನು ಹೋದ ದಿನ ನಾನು ಹಳದೀಪುರದ ಅವನ ಮನೆಗೆ ಓಡಿದೆ. ಅಂಗಳದಲ್ಲಿ ಜನ. ಅವನ ಅಣ್ಣ ಶ್ರೀಧರಣ್ಣ ಬ್ಯಾಂಕಿನಲ್ಲಿ ಇರುವವರು, ಯಾರಿಗೂ ದೊಡ್ಡ ದನಿಯಲ್ಲಿ ಮಾತಾಡಿದವರಲ್ಲ. ಆಗಲೂ ಮೆತ್ತಗೆಯೇ ಹೇಳಿದರು: “ಫ್ರೆಂಡ್ಸೆಲ್ಲ ಸ್ವಲ್ಪ ಗೇಟಿನ ಹತ್ರ ನಿಲ್ಲಿ. ಮನೆಯವ್ರಿಗೆ ಜಾಗ ಬಿಡಿ.” ನಾನು ಗೇಟಿನ ಹತ್ತಿರ ನಿಂತೆ. ಅವನಿಗೆ ಫೋಟೋ ಫ್ರೇಮ್ ಹಾಕಿಕೊಡುತ್ತಿದ್ದವನು, ಪೆಟ್ರೋಲ್ ಬಂಕಿನವನು, ನಾನು, ಮೂವರೂ ಒಂದೇ ಸಾಲು. ಫ್ರೇಮಿನವನು “ಒಳ್ಳೆ ಗಿರಾಕಿ ಆಗಿದ್ದ” ಎಂದ. ನಾನು “ಹೌದು” ಎಂದೆ. ಅಷ್ಟು ಹೊತ್ತು ಅಲ್ಲಿ ನನ್ನ ಬಾಯಿಂದ ಬಂದದ್ದು ಅದೊಂದೇ ಮಾತು. ಏಳು ವರ್ಷ ಹಗ್ಗ ಹಿಡಿದಿದ್ದವನಿಗೆ ಒಂದು ಮೀನೂ ಇಲ್ಲ.

ಮಾರನೇ ದಿನ ಭಟ್ಕಳದಿಂದ ಝುಬೇರ್ ಭಾಯಿ ಸ್ಕೂಟರಿನಲ್ಲಿ ಬಂದರು. ನಮ್ಮ ಹಾಡುಗಳಿಗೆ ಕೀಬೋರ್ಡ್ ನುಡಿಸುವವರು. ಕೈಯಲ್ಲಿ ನಾಲ್ಕು ಅಂತಸ್ತಿನ ಊಟದ ಡಬ್ಬಿ, ಒಳಗೆ ಬಿಸಿ ಶಾವಿಗೆ ಬಿರಿಯಾನಿ.

“ಇದೆಲ್ಲ ಎಂತಕೆ ಭಾಯಿ?”

“ನಮ್ಮಲ್ಲಿ ಮಯ್ಯತ್ ಆದ ಮನೆಯಲ್ಲಿ ಮೂರು ದಿನ ಒಲೆ ಹಚ್ಚೋದಿಲ್ಲ. ಬೇರೆ ಮನೆಯವರು ಊಟ ತರೋದು.”

“ನಮ್ಮ ಮನೆಯಲ್ಲಿ ಯಾರೂ ಸತ್ತಿಲ್ಲ ಭಾಯಿ.”

“ಚುಪ್. ತಿನ್ನು.”

ಮೂರು ದಿನ ಬಂದರು. ಮೂರು ದಿನವೂ ಅಪ್ಪ ಏನೂ ಕೇಳದೆ ಎರಡು ತಟ್ಟೆ ಇಟ್ಟು, ನನ್ನೆದುರು ಕೂತು ಉಂಡರು. ನನಗೆ ಸಾವು ಆಗಿದೆ ಎಂದು ಒಪ್ಪಿದವರು ಈ ಮೂರು ತಾಲೂಕಿನಲ್ಲಿ ಇವರಿಬ್ಬರೇ.

ಇನ್ನು ಕಳೆದ ತಿಂಗಳ ಸಂಗತಿ. ಶ್ರೀಧರಣ್ಣ ಫೋನ್ ಮಾಡಿದರು. ದತ್ತುವಿನ ನೆನಪಿಗೆ ಒಂದು ಹಾಡು ಮಾಡಿಸುತ್ತಿದ್ದಾರೆ, ಕುಮಟೆಯ ಸರ್ ವಿಡಿಯೋ ಮಾಡಿಕೊಡುತ್ತಾರೆ, “ನೀನೇ ಹಾಡಬೇಕು, ಅವನಿಗೆ ನಿನ್ನ ದನಿ ಅಂದ್ರೆ ಇಷ್ಟ.” ಬರುತ್ತೇನೆ ಎಂದೆ.

ಶೂಟಿಂಗ್ ಹೊಳನಗದ್ದೆಯ ಕಡೆ. ಹೋಗಿ ನೋಡಿದರೆ ಗದ್ದೆಯ ಬದುವಿನ ಮೇಲೆ ಕುರ್ಚಿ, ಕುರ್ಚಿಯ ಮೇಲೆ ದತ್ತುವಿನ ಫೋಟೋ, ಫೋಟೋಕ್ಕೆ ಹಾರ, ಅದರೆದುರು ಬಿಳಿ ಸೀರೆ ಉಟ್ಟ ಒಬ್ಬಳು ಹುಡುಗಿ. ಬೆರಳಲ್ಲಿ ಉಂಗುರ.

“ಇವ್ಳು ಯಾರು ಸರ್?”

“ಅವನಿಗೆ ಗೊತ್ತು ಮಾಡಿದ್ ಹುಡುಗಿ. ಮದುವೆ ಆಗ್ಬೇಕಿತ್ತು, ಅಷ್ಟ್ರೊಳಗೆ ಹೀಂಗಾತು. ಕತೆ ಕೂತ್ಕಂತದೆ ನೋಡು.”

“ಅಂಥ ಹುಡುಗಿ ಯಾರೂ ಇರ್ಲಿಲ್ಲ.”

“ಇರ್ಲಿಲ್ಲ ಅಂದ್ರೆ ಹಾಕುಕಾಗ ಅಂತ ಇದ್ಯನಾ? ಮನೆಯವ್ರೇ ಹೇಳಿದ್ದು.”

ಶ್ರೀಧರಣ್ಣ ಕೊಡೆ ಹಿಡಿದು ಅತ್ತ ತಿರುಗಿ ನಿಂತಿದ್ದರು. ನನ್ನ ಮುಖ ನೋಡಲಿಲ್ಲ. ಆಗ ನನಗೆ ತಿಳಿಯಿತು, ಅವರಿಗೆ ಎಲ್ಲವೂ ಗೊತ್ತು. ಗೊತ್ತಿರುವುದರಿಂದಲೇ ಈ ಹುಡುಗಿ.

ಹುಡುಗಿ ಕುಮಟೆಯಲ್ಲಿ ನರ್ಸಿಂಗ್ ಓದುವವಳಂತೆ. ಕಣ್ಣಿಗೆ ಗ್ಲಿಸರಿನ್ ಹಾಕಿಸಿಕೊಂಡು ನನ್ನ ಹತ್ತಿರ ಬಂದು ಮೆಲ್ಲಗೆ ಕೇಳಿದಳು: “ಅಣ್ಣಾ, ಇವ್ರು ನಿಮ್ಗೆ ಗುರ್ತನಾ? ಹೆಂಗಿದ್ರು? ಸ್ವಲ್ಪ ಗೊತ್ತಾದ್ರೆ ಅಳುಕೆ ಸುಲಭ.” ಅವಳ ಮೇಲೆ ಸಿಟ್ಟು ಮಾಡಲು ಆಗಲಿಲ್ಲ. ಅವಳೊಬ್ಬಳಾದರೂ ಕೇಳಿದಳು. “ತುಂಬ ನಗಿಸ್ತಿದ್ದ” ಎಂದೆ. ಅವಳು ತಲೆಯಾಡಿಸಿ ಹೋಗಿ ಕೂತು ಅತ್ತಳು.

ಆಮೇಲೆ ನನ್ನ ಸರದಿ. ಸರ್ ಕ್ಯಾಮರಾದ ಹಿಂದೆ ನಿಂತರು. “ಆ ಹಳೇ ಹಾಡಿನಲ್ಲೆಲ್ಲ ನೋಡ್ತಿದ್ಯಲ್ಲ, ಜನ ಸಾಯ್ತಾರೆ ಅದ್ಕೆ, ಆ ನೋಟ ಕೊಡು. ಇಲ್ಲಿ, ಕ್ಯಾಮರಾದೊಳಗೆ.”

ನಾನು ನೋಡಿದೆ. ಕಪ್ಪು ಗಾಜು. ಅದರ ಹಿಂದೆ ಸರ್ ಹೊಟ್ಟೆ.

“ಇಲ್ಲ, ಬರ್ಲಿಲ್ಲ. ಇನ್ನೊಂದ್ ಸಲ.”

ಇನ್ನೊಂದು ಸಲ ನೋಡಿದೆ. ಮೂರನೆಯ ಸಲ, ಐದನೆಯ ಸಲ. ಒಂಬತ್ತನೆಯ ಸಲ ಸರ್ ಬೇಸರದಿಂದ, “ಎಂತ ಆತಾ ನಿಂಗೆ? ಏಳು ವರ್ಷ ಕೊಟ್ಟಿದ್ದು ಈಗ ಒಂದು ನಿಮಿಷ ಕೊಡುಕಾಗುದಿಲ್ವಾ?” ಎಂದರು.

ನಾನು ಜಗಳದ ಮನುಷ್ಯ ಅಲ್ಲ. ಬಸ್ಸಿನಲ್ಲಿ ಯಾರಾದರೂ ನನ್ನ ಕಾಲು ತುಳಿದರೆ ನಾನೇ ಸಾರಿ ಎನ್ನುವವನು. ಆ ದಿನ ಮಾತ್ರ ಗದ್ದೆಯ ಆಚೆ ಬದಿಗೆ ಕೇಳುವ ಹಾಗೆ ಕೂಗಿದೆ. “ಅದು ಕ್ಯಾಮರಾ ನೋಡಿದ್ದಲ್ಲ ಸರ್! ಅವನನ್ನ ನೋಡಿದ್ದು! ಕ್ಯಾಮರಾ ಹಿಡ್ದವನನ್ನ! ಆ ಕುರ್ಚಿ ಮೇಲೆ ಹಾರ ಹಾಕಿ ಕೂರ್ಸಿದ್ರಲ್ಲ, ಅವನನ್ನ!”

ಹುಡುಗಿ ಉಂಗುರ ತೆಗೆದು ಕೈಯಲ್ಲಿ ಹಿಡಿದುಕೊಂಡಳು. ಶ್ರೀಧರಣ್ಣ ಕೊಡೆ ಮಡಚಿ, ಬಹಳ ಮೆತ್ತಗೆ, “ಬಾಯಿ ಮುಚ್ಚು ಉದಯಾ, ಆಯಿ ಬದುಕಿದ್ದಾರೆ” ಎಂದರು. ಆಯಿ ಎಂದರೆ ಅವರ ತಾಯಿ.

ನಾನು ಮೈಕ್ ಕೆಳಗಿಟ್ಟು ನಡೆದುಬಿಟ್ಟೆ. ಬಸ್ಸಿನಲ್ಲಿ ಕೂತ ಮೇಲೆ ಮುಂದಿನದ್ದೆಲ್ಲ ಲೆಕ್ಕ ಹಾಕಿದೆ. ಬೇರೆ ಯಾರ ಕೈಯಲ್ಲಾದರೂ ಹಾಡಿಸಿ ಆ ವಿಡಿಯೋ ಬಿಟ್ಟೇ ಬಿಡುತ್ತಾರೆ. ಆಮೇಲೆ ಊರಿಗೆಲ್ಲ ಅದೇ ನಿಜ. ಬಿಳಿ ಸೀರೆ, ಉಂಗುರ. ನಾವಿಬ್ಬರೂ ಕೂಡಿ ಹದಿನಾಲ್ಕು ಸಲ ಮಾಡಿದ ಸುಳ್ಳನ್ನೇ ಹದಿನೈದನೆಯ ಸಲ ಅವನ ಹೆಣದ ಮೇಲೆ ಮಾಡುತ್ತಾರೆ. ಈ ಸಲ ನನ್ನನ್ನು ಹೊರಗಿಟ್ಟು, ಅಷ್ಟೇ ವ್ಯತ್ಯಾಸ. ಇದಕ್ಕೆ ದಾರಿ ತೋರಿಸಿಕೊಟ್ಟವರು ನಾವೇ ಎಂಬುದು ನನ್ನನ್ನು ಹೆಚ್ಚು ಸುಟ್ಟಿತು. ಸಿಟ್ಟು ದತ್ತುವಿನ ಮೇಲೂ ಬಂತು. ಸತ್ತವನ ಮೇಲೆ ಸಿಟ್ಟು ಮಾಡಬಾರದು ಎನ್ನುತ್ತಾರೆ. ಯಾಕೆ ಮಾಡಬಾರದು? ಕಾಲು ಯಾರಾ ನೋಡ್ತ್ರು ಎಂದವನು ಅವನೇ ತಾನೆ.

ಈಗ ಟೊಪ್ಪಿಗೆ ಬರುತ್ತೇನೆ. ಅವನ ಕ್ಯಾಮರಾ, ಕಂಪ್ಯೂಟರ್ ಎಲ್ಲ ಸ್ಟುಡಿಯೋದಿಂದ ಮನೆಯವರು ಒಯ್ದಿದ್ದರು. ನನ್ನ ಹತ್ತಿರ ಅವನದ್ದು ಏನೂ ಇಲ್ಲ ಎಂದುಕೊಂಡಿದ್ದೆ. ಮೊನ್ನೆ ಮಂಕಿ ಕ್ಯಾಪಿನೊಳಗೆ ಗಟ್ಟಿಯಾಗಿ ಸಿಕ್ಕಿದ್ದು ಹಾರ್ಡ್ ಡಿಸ್ಕು. ಪೆಟ್ಟು ತಾಗಬಾರದೆಂದು ಅವನೇ ಅದಕ್ಕೆ ಟೊಪ್ಪಿ ಹಾಕಿ, ನನ್ನ ಕಪಾಟಿನಲ್ಲಿ ಇಟ್ಟು, ಹೇಳುವುದನ್ನು ಮರೆತಿದ್ದ. ಮೇಲೆ ಅವನ ಕೈಬರಹ: ವೇಸ್ಟ್.

ಆ ಹನ್ನೊಂದು ನಿಮಿಷ ಇತ್ತು. ನಾನು ಏನನ್ನೂ ಕತ್ತರಿಸಲಿಲ್ಲ. ಹಾಡನ್ನೂ ಕೂಡಿಸಲಿಲ್ಲ. ಅವನು ಶ್ರುತಿ ತಪ್ಪಿ ಗುನುಗಿದ್ದೇ ಹಾಡು, ತಾಂಡೇಲ ಬೈದದ್ದೇ ಹಿನ್ನೆಲೆ. ಕೆಳಗೆ ನಮ್ಮಿಬ್ಬರ ಹೆಸರು ಬರೆದೆ. ಅವನದು ಮೊದಲು, ನನ್ನದು ಆಮೇಲೆ. ಮತ್ತೆ ಒಂದು ಸಾಲು: ‘ಈವರೆಗಿನ ಹಾಡುಗಳಲ್ಲಿ ನಾನು ನೋಡುತ್ತಿದ್ದದ್ದು ಇವನನ್ನು.’ ನೆಟ್ಟಿಗೆ ಬಿಟ್ಟೆ.

ಸಂಜೆಯ ಹೊತ್ತಿಗೆ ಕೆಳಗೆ ಬರೆಯಲು ಶುರುವಾಯಿತು. ಹೀರೋಯಿನ್ ಎಲ್ಲಿ ಎಂದು ಒಬ್ಬ. ಮುಖವೇ ಇಲ್ಲದ ವಿಡಿಯೋ ಎಂಥದು ಎಂದು ಇನ್ನೊಬ್ಬ. ಇನ್ನು ಕೆಲವನ್ನು ಇಲ್ಲಿ ಬರೆಯಲಾರೆ, ಅಪ್ಪ ಓದುತ್ತಾರೆ. ನಾನು ಯಾವುದನ್ನೂ ಅಳಿಸಲಿಲ್ಲ.

ಮರುದಿನ ಬೆಳಿಗ್ಗೆ ಶ್ರೀಧರಣ್ಣನ ಫೋನು. ಈ ಸಲ ದನಿ ಮೆತ್ತಗಿರಲಿಲ್ಲ.

“ತೆಗಿ ಅದನ್ನ. ಈಗ್ಲೇ ತೆಗಿ. ಬ್ಯಾಂಕಿನಲ್ಲಿ ತಲೆ ಎತ್ತುಕಾಗ್ತಿಲ್ಲ ನಂಗೆ.”

“ತೆಗೆಯುದಿಲ್ಲ ಶ್ರೀಧರಣ್ಣ.”

“ನಿಂಗೆ ಎಂತ ಹಕ್ಕಿದೆ ಅಂತ?”

“ಹಗ್ಗ ಹಿಡಿದಿದ್ದೆ.”

“ಎಂತ ಹಗ್ಗ? ಮಳ್ಳನಾ ನೀನು?”

ಹಿಂದಿನಿಂದ ಹೆಂಗಸಿನ ದನಿ ಕೇಳಿತು. “ಯಾರಾ ಅದು? ಉದಯನಾ? ಕೊಡು ಇತ್ಲಾಗೆ.” ಶ್ರೀಧರಣ್ಣ ಬೇಡ ಎಂದರು, ಏನೋ ಎಳೆದಾಟ, ಆಮೇಲೆ ಫೋನಿನಲ್ಲಿ ಆಯಿಯ ಉಸಿರು. ದತ್ತು ಹೋದ ದಿನ ಅಂಗಳದಲ್ಲಿ ನಾನು ಅವರನ್ನು ದೂರದಿಂದ ನೋಡಿದ್ದಷ್ಟೇ. ಈವರೆಗೆ ನಾವು ಮಾತಾಡಿಯೇ ಇರಲಿಲ್ಲ.

“ತಮಾ, ಅದು ನಮ್ಮ ದತ್ತುನ ಕಾಲು. ಬೆರಳು ನೋಡಿ ಗೊತ್ತಾತು.”

“ಹೌದು ಆಯಿ.”

“ಒಂದಿನ ಅಂಗೈ ಕೊಯ್ಕಂಡು ಬಂದಿದ್ದ, ಈ ಹಗ್ಗದಲ್ಲೇ ಕಾಣ್ತದೆ. ಎಂತ ಆತಾ ಕೇಳಿರೆ ಗೇಟು ತಾಗಿತ್ತು ಹೇಳಿದ್ದ. ನಾನೇ ಅರಿಶಿನ ಹಚ್ಚಿದ್ದೆ.” ಅವರ ಮನೆಯ ಕುಕ್ಕರ್ ಕೂಗುವುದು ಕೇಳಿಸಿತು. “ಅವನ ಮುಂದೆ ಇನ್ನೊಂದು ಜೊತೆ ಕಾಲು ಇದ್ದಲ, ಅದು ಯಾರದ್ದು?”

ಏಳು ವರ್ಷ ಅಭ್ಯಾಸವಾದ ಸುಳ್ಳುಗಳು ಬಾಯಿಗೆ ಬಂದವು. ಬಲೆಯವರದ್ದು, ಯಾರೋ ಮೀನುಗಾರರದ್ದು, ಗೊತ್ತಿಲ್ಲ.

“ನಂದು, ಆಯಿ.”

ಅವರು ಫೋನನ್ನು ಮಗನ ಕೈಗೆ ಕೊಡುತ್ತ ಅವನಿಗೆ ಹೇಳಿದ್ದು ಕೇಳಿಸಿತು, ಆಮೇಲೆ ಲೈನ್ ಕಟ್ಟಾಯಿತು.

“ಇನ್ನೊಂದ್ಸಲ ಹಾಕು ಆ ವಿಡಿಯೋನ. ಮೊದ್ಲಿಂದ.”